ಕ್ಯಾಥರೀನ್, ಕತರೀನಾ, ಯೆಕತೆರೀನಾ: ಒಂದೇ ಗ್ರೀಕ್ ಹೆಸರಿನ ಯಾವ ರೂಪವನ್ನು ಆರಿಸಬೇಕು?

ಮಗಳಿಗೆ ಕ್ಯಾಥರೀನ್ ಎಂದು ಹೆಸರಿಡೋಣ ಎಂದು ಮನೆಯವರೆಲ್ಲ ಒಪ್ಪಿದ ಮೇಲೂ ದೊಡ್ಡದೊಂದು ಆಯ್ಕೆ ಉಳಿದೇ ಇರುತ್ತದೆ. ಈ ಗ್ರೀಕ್ ಹೆಸರು ಯುರೋಪಿನ ಭಾಷೆ ಭಾಷೆಗೂ ಬೇರೆ ರೂಪ ತಳೆದಿದೆ. ಇಂಗ್ಲಿಷ್ ಒಂದರಲ್ಲೇ ಐದಾರು ಕಾಗುಣಿತಗಳಿವೆ. ಜನನ ನೋಂದಣಿಯಲ್ಲಿ ಬರೆಸಿದ ರೂಪವೇ ಮುಂದೆ ಶಾಲೆಯ ದಾಖಲೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್‌ಗಳಲ್ಲೆಲ್ಲ ಬರುವುದರಿಂದ ಇಲ್ಲಿ ಒಂದು ಅಕ್ಷರವೂ ಲೆಕ್ಕಕ್ಕೆ ಬರುತ್ತದೆ.

ಆಯ್ಕೆಗೆ ಒಂದು ಕ್ರಮವಿದ್ದರೆ ಕೆಲಸ ಹಗುರ. ಮಗುವನ್ನು ದಿನವೂ ಕರೆಯುವವರು ಯಾವ ಭಾಷೆಯವರು ಎಂಬುದನ್ನು ಮೊದಲು ನೋಡಿ. ಆ ಭಾಷೆಯಲ್ಲಿ ಒಪ್ಪಿತವಾದ ಕಾಗುಣಿತವನ್ನು ಆಮೇಲೆ ಹಿಡಿಯಿರಿ. ಮನೆಯಲ್ಲಿ ಕರೆಯುವ ಚಿಕ್ಕ ಹೆಸರು ಕೊನೆಗೆ ಬರಲಿ. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ: ಕೇಟ್ ಅಥವಾ ಕಾತ್ಯಾ ಎಂಬ ಚಿಕ್ಕ ರೂಪಕ್ಕೆ ಮನಸೋತು, ಅದಕ್ಕೊಂದು ಪೂರ್ಣ ಹೆಸರನ್ನು ಎಲ್ಲಿಂದಲೋ ತಂದು ಜೋಡಿಸುತ್ತಾರೆ. ಆಗ ರಷ್ಯನ್ ಉಚ್ಚಾರ, ಇಂಗ್ಲಿಷ್ ಕಾಗುಣಿತ, ಜರ್ಮನ್ ಬಾಲ ಸೇರಿ ಯಾವ ಊರಿನವರೂ ಸರಿಯಾಗಿ ಓದಲಾರದ ಹೆಸರು ಹುಟ್ಟುತ್ತದೆ.

ಮೂಲದಲ್ಲಿ ಏನಿತ್ತು

ಗ್ರೀಕಿನ ಹಳೆಯ ರೂಪ ಐಕತೆರೀನೆ. ಅದರ ಅರ್ಥದ ಬಗ್ಗೆ ಮೂರು ವಾದಗಳು ಹೆಚ್ಚು ಕೇಳಿಬರುತ್ತವೆ. ‘ಇಬ್ಬರಲ್ಲಿ ಒಬ್ಬೊಬ್ಬರೂ’ ಎಂಬರ್ಥದ ಹೆಕಾತೆರೋಸ್ ಪದದಿಂದ ಬಂತು ಎನ್ನುವುದು ಒಂದು. ಹೆಕಾತೆ ಎಂಬ ದೇವತೆಯ ಹೆಸರಿನಿಂದ ಬಂತು ಎನ್ನುವುದು ಇನ್ನೊಂದು. ಹೆಸರಿನ ಪಟ್ಟಿಗಳಲ್ಲೆಲ್ಲ ಕಾಣುವ ‘ಪರಿಶುದ್ಧೆ’ ಎಂಬ ಅರ್ಥ ಮೂರನೆಯದು. ಅದು ಕಥರೋಸ್ ಎಂಬ ಗ್ರೀಕ್ ಪದಕ್ಕೆ ಹೆಸರನ್ನು ಜೋಡಿಸುತ್ತದೆ.

ಮೂರನೆಯ ವಾದಕ್ಕೆ ಕಾಗುಣಿತವೇ ಅಡ್ಡ ನಿಲ್ಲುತ್ತದೆ. ಕಥರೋಸ್ ಪದದಲ್ಲಿ ಇರುವುದು ಥೀಟಾ ಅಕ್ಷರ. ಐಕತೆರೀನೆಯಲ್ಲಿ ಇರುವುದು ಟೌ, ಅಂದರೆ ಬರೀ ‘ತ’. ಹೆಸರು ಕ್ರೈಸ್ತರಲ್ಲಿ ಹಬ್ಬಿದ ಮೇಲೆ ಅದಕ್ಕೂ ಪರಿಶುದ್ಧತೆಗೂ ನಂಟು ಕಂಡ ಲ್ಯಾಟಿನ್ ಬರಹಗಾರರು ನಡುವೆ ‘ಎಚ್’ ಸೇರಿಸಿ ಕಥರೀನಾ ಎಂದು ಬರೆದರು. ಹಾಗಾಗಿ ‘ಪರಿಶುದ್ಧೆ’ ಎಂಬುದು ಪರಂಪರೆ ಕೊಟ್ಟ ಅರ್ಥ. ನೂರಾರು ವರ್ಷ ಜನ ಅದೇ ಭಾವದಲ್ಲಿ ಮಕ್ಕಳಿಗೆ ಈ ಹೆಸರಿಟ್ಟಿದ್ದಾರೆ. ಆ ಕಾರಣಕ್ಕೆ ಅದನ್ನು ಮೆಚ್ಚಿ ಆರಿಸುವುದರಲ್ಲಿ ತಪ್ಪೇನೂ ಇಲ್ಲ. ಮೂಲಧಾತುವಿನ ಅರ್ಥ ಎಂದು ಹೇಳುವುದು ಮಾತ್ರ ಸರಿಯಲ್ಲ.

ಆ ಒಂದು ‘ಎಚ್’ ಹೆಸರಿನ ವಂಶವನ್ನೇ ಎರಡು ಕವಲಾಗಿಸಿತು. ಗ್ರೀಕ್ ಮತ್ತು ರಷ್ಯನ್ ಕಡೆಯ ರೂಪಗಳಲ್ಲಿ ಅದು ಇಲ್ಲ. ಇಂಗ್ಲಿಷ್, ಫ್ರೆಂಚ್, ಜರ್ಮನ್ ಬರಹದಲ್ಲಿ ಇದೆ, ಆದರೆ ಬಾಯಲ್ಲಿ ಉಳಿದಿರುವುದು ಇಂಗ್ಲಿಷಿನಲ್ಲಿ ಮಾತ್ರ. ಫ್ರೆಂಚರು ಬರೆಯುವುದು ಇಂಗ್ಲಿಷರಂತೆಯೇ, ಕರೆಯುವುದು ‘ಕಾತ್ರೀನ್’. ಜರ್ಮನರ ಬಾಯಲ್ಲಿ ಅದು ‘ಕಾತಾರೀನಾ’, ಒತ್ತು ‘ರೀ’ ಮೇಲೆ. ಇಂಗ್ಲಿಷರೂ ಮಧ್ಯಯುಗದಲ್ಲಿ ‘ಎಚ್’ ಇಲ್ಲದೆ ಬರೆಯುತ್ತಿದ್ದರು. ಕೇಟ್, ಕಿಟ್ಟಿ ಎಂಬ ಚಿಕ್ಕ ರೂಪಗಳಲ್ಲಿ ಇಂದಿಗೂ ‘ಟ’ ಇರುವುದು ಅದಕ್ಕೇ.

ಮೂರನೆಯ ಸಣ್ಣ ಕವಲೂ ಒಂದಿದೆ. ಅಲ್ಲಿ ‘ರ’ ಹೋಗಿ ‘ಲ’ ಬಂದಿದೆ: ಸ್ಪ್ಯಾನಿಷ್ ಕತಲೀನಾ, ಹಂಗೇರಿಯ ಕಾತಲಿನ್, ಐರಿಷ್ ಕ್ಯಾಟ್ಲೀನ್. 2023ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಡೆದ ಕಾತಲಿನ್ ಕಾರಿಕೊ ಅವರ ಹೆಸರೂ ಈ ಕವಲಿನದೇ.

ಕರಾವಳಿಗೂ ಈ ಹೆಸರಿಗೂ ಇರುವ ನಂಟು

ಹೆಸರು ಲೋಕಕ್ಕೆಲ್ಲ ಹರಡಿದ್ದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನ್‌ಳಿಂದ. ನಾಲ್ಕನೆಯ ಶತಮಾನದ ಆರಂಭದಲ್ಲಿ ಹುತಾತ್ಮಳಾದಳು ಎಂದು ಪರಂಪರೆ ಹೇಳುತ್ತದೆ, ಸಮಕಾಲೀನ ದಾಖಲೆಗಳಿಲ್ಲ. ಸಿನಾಯ್ ಬೆಟ್ಟದ ಬುಡದಲ್ಲಿ ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ ಮಠ ಮುಂದೆ ಅವಳ ಹೆಸರು ಪಡೆಯಿತು. ಅವಳಿಗೆ ಚಿತ್ರಹಿಂಸೆ ಕೊಡಲು ತಂದ ಚಕ್ರದ ಕಥೆಯಿಂದಲೇ ಗಿರಗಿರ ತಿರುಗುವ ಪಟಾಕಿಗೆ ಇಂಗ್ಲಿಷಿನಲ್ಲಿ ಕ್ಯಾಥರೀನ್ ವೀಲ್ ಎಂಬ ಹೆಸರು ಬಂದಿದೆ. ಹಬ್ಬ ನವೆಂಬರ್ 25ಕ್ಕೆ.

ಅದೇ ನವೆಂಬರ್ 25ರಂದು, 1510ರಲ್ಲಿ, ಪೋರ್ಚುಗೀಸರ ಅಧಿಪತಿ ಅಲ್ಬುಕರ್ಕ್ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆಯನ್ನು ಗೆದ್ದುಕೊಂಡ. ಆ ದಂಡಯಾತ್ರೆಯಲ್ಲಿ ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಗೆಲುವು ಸಂತಳ ಹಬ್ಬದಂದು ಬಂದದ್ದರಿಂದ ಹಳೆಗೋವೆಯ ಸೇ ಕ್ಯಾಥೆಡ್ರಲ್ ಅವಳಿಗೇ ಅರ್ಪಿತವಾಗಿದೆ. ಮುಂದಿನ ಶತಮಾನಗಳಲ್ಲಿ ಗೋವೆಯಿಂದ ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಗೆ ವಲಸೆ ಬಂದ ಕೊಂಕಣಿ ಕಥೋಲಿಕರು ಸಂತರ ಹೆಸರುಗಳನ್ನೂ ಜೊತೆಗೆ ತಂದರು. ಮುಂಬಯಿಯ ಚರಿತ್ರೆಯಲ್ಲೂ ಈ ಹೆಸರಿದೆ. ಪೋರ್ಚುಗಲ್ಲಿನ ರಾಜಕುಮಾರಿ ಕತರೀನಾಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ಮದುವೆಯಾದಾಗ, 1661ರ ಒಪ್ಪಂದದಂತೆ ಮುಂಬಯಿಯ ದ್ವೀಪಗಳು ವರದಕ್ಷಿಣೆಯಾಗಿ ಇಂಗ್ಲಿಷರ ಪಾಲಾದವು. ತವರಿನಲ್ಲಿ ಕತರೀನಾ ಆಗಿದ್ದವಳು ಇಂಗ್ಲೆಂಡಿನಲ್ಲಿ ಕ್ಯಾಥರೀನ್ ಆದಳು.

ಸಂತಳ ನೆನಪಿಗೆ ಹೆಸರಿಡುವ ಮನೆಯವರು ಯಾವ ಸಂತ ಕ್ಯಾಥರೀನ್ ಎಂಬುದನ್ನೂ ತೀರ್ಮಾನಿಸಿಕೊಳ್ಳಬೇಕು, ಹೆಸರಿನ ದಿನ, ಅಂದರೆ ಆ ಸಂತಳ ಹಬ್ಬದ ದಿನ, ಅದರ ಮೇಲೆಯೇ ನಿಂತಿದೆ. ಅಲೆಕ್ಸಾಂಡ್ರಿಯದವಳಾದರೆ ನವೆಂಬರ್ 25. 1969ರಲ್ಲಿ ರೋಮಿನ ಸಾರ್ವತ್ರಿಕ ಪಂಚಾಂಗದಿಂದ ಈ ಹಬ್ಬವನ್ನು ತೆಗೆದಿದ್ದರು, 2002ರಲ್ಲಿ ಐಚ್ಛಿಕ ಸ್ಮರಣೆಯಾಗಿ ಮರಳಿ ಸೇರಿಸಿದರು. ಸಿಯೆನ್ನಾದ ಕ್ಯಾಥರೀನ್ (1347–1380) ಆದರೆ ಏಪ್ರಿಲ್ 29. 1970ರಲ್ಲಿ ಧರ್ಮಸಭೆಯ ಪಂಡಿತೆ ಎಂಬ ಬಿರುದು ಪಡೆದವಳು ಇವಳು. ರಷ್ಯನ್ ಆರ್ಥೊಡಾಕ್ಸ್ ಪದ್ಧತಿಯಲ್ಲಿ ಅಲೆಕ್ಸಾಂಡ್ರಿಯದವಳ ಹಬ್ಬ ಡಿಸೆಂಬರ್ 7ಕ್ಕೆ ಬೀಳುತ್ತದೆ, ಗ್ರೀಸಿನಲ್ಲಿ ನವೆಂಬರ್ 25ಕ್ಕೇ. ಉತ್ತರ ಅಮೆರಿಕದಲ್ಲಿರುವವರಿಗೆ ಕಟೇರಿ ಎಂಬ ರೂಪವೂ ಪರಿಚಿತ. ಮೊಹಾಕ್ ಜನಾಂಗದ ಕಟೇರಿ ಟೆಕಾಕ್ವಿತಾಳನ್ನು (1656–1680) 2012ರಲ್ಲಿ ಸಂತಳೆಂದು ಘೋಷಿಸಲಾಯಿತು. ಅವಳಿಗೆ ದೀಕ್ಷಾಸ್ನಾನದ ಹೆಸರು ಬಂದದ್ದು ಸಿಯೆನ್ನಾದವಳಿಂದ.

ಇಂಗ್ಲಿಷ್ ರೂಪಗಳಲ್ಲಿ ಯಾವುದು

ಕರ್ನಾಟಕದಲ್ಲೇ ಬೆಳೆಯುವ ಅಥವಾ ಇಂಗ್ಲಿಷ್ ನಾಡುಗಳಲ್ಲಿರುವ ಮಗುವಿಗೆ ಸಾಮಾನ್ಯವಾಗಿ ಆಯ್ಕೆ ನಡೆಯುವುದು ನಾಲ್ಕು ಕಾಗುಣಿತಗಳ ನಡುವೆ. ‘ಸಿ’ಯಿಂದ ಶುರುವಾಗಿ ನಡುವೆ ‘ಇ’ ಇರುವುದು ವೇಲ್ಸಿನ ರಾಜಕುಮಾರಿಯ ಹೆಸರಿನ ರೂಪ, ಫ್ರೆಂಚಿನಲ್ಲೂ ಇದೇ. ‘ಕೆ’ಯಿಂದ ಶುರುವಾಗಿ ನಡುವೆ ‘ಇ’ ಬರುವುದು ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ (1918–2020) ಅವರದು. ‘ಕೆ’ ಮತ್ತು ನಡುವೆ ‘ಎ’ ಇರುವುದು ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರದು; ಕಥರೋಸ್ ನಂಟನ್ನು ಎತ್ತಿಹಿಡಿಯುವ ಕಾಗುಣಿತ ಇದು. ಕೊನೆಗೆ ‘ವೈ-ಎನ್’ ಇರುವ ಚಿಕ್ಕ ರೂಪ, 1984ರಲ್ಲಿ ಬಾಹ್ಯಾಕಾಶದಲ್ಲಿ ನಡೆದ ಮೊದಲ ಅಮೆರಿಕನ್ ಮಹಿಳೆ ಕ್ಯಾಥ್ರಿನ್ ಸಲ್ಲಿವನ್ ಅವರದು.

ಇವುಗಳಲ್ಲಿ ನಾವು ‘ಸಿ’ ಮತ್ತು ‘ಇ’ ಇರುವುದನ್ನೇ ಮೊದಲು ಹೇಳುತ್ತೇವೆ. ಫೋನಿನಲ್ಲಿ ಹೆಸರು ಕೇಳಿ ಬರೆದುಕೊಳ್ಳುವ ಗುಮಾಸ್ತರ ಕೈ ತಾನಾಗಿ ಬರೆಯುವುದು ಹೆಚ್ಚಾಗಿ ಅದನ್ನೇ, ಫ್ರೆಂಚ್ ನಾಡಿನಲ್ಲೂ ಅದು ನಡೆಯುತ್ತದೆ. ಮಧ್ಯದಲ್ಲಿ ‘ಎ’ ಇರುವ ರೂಪ ಚೆಂದ, ಹಳೆಯದು, ಆದರೆ ಜೀವನಪೂರ್ತಿ ತಿದ್ದಿಸುತ್ತಿರಬೇಕು: ಎರಡು ಕಾಗುಣಿತಗಳ ನಡುವೆ ಉಚ್ಚಾರದಲ್ಲಿ ವ್ಯತ್ಯಾಸವೇ ಇಲ್ಲದ್ದರಿಂದ ಕಿವಿ ನೆರವಿಗೆ ಬರುವುದಿಲ್ಲ. ‘ವೈ’ ರೂಪಕ್ಕೆ ಇರುವ ಒಳ್ಳೆಯ ಗುಣ ಎಂದರೆ ಎರಡೇ ಉಸಿರಿನಲ್ಲಿ ಮುಗಿಯುತ್ತದೆ. ಉದ್ದನೆಯ ಕುಲನಾಮ ಇರುವ ಮನೆಗೆ ಹೊಂದುತ್ತದೆ. ಚಿಕ್ಕ ಹೆಸರಾದ ಕೇಟ್‌ಗೆ ಮಾತ್ರ ಈ ಭೇದವಿಲ್ಲ. ‘ಸಿ’ಯಿಂದ ಶುರುವಾಗುವವರೂ ಕೇಟ್ ಬರೆಯುವಾಗ ‘ಕೆ’ ಹಾಕುವುದೇ ರೂಢಿ. ನಟಿ ಕೇಟ್ ಬ್ಲ್ಯಾಂಚೆಟ್ ಅವರಂತೆ ‘ಸಿ’ ಇಟ್ಟುಕೊಂಡವರು ಕಡಿಮೆ.

ಐರಿಷ್ ಕಡೆಯಿಂದ ಬಂದ ಎರಡು ರೂಪಗಳನ್ನು ಬೆರೆಸಬಾರದು. ಐರಿಷ್ ಮೂಲದ ಉಚ್ಚಾರ ಹೆಚ್ಚುಕಡಿಮೆ ‘ಕ್ಯಾಟ್ಲೀನ್’. ಅದನ್ನು ಕಿವಿಯಿಂದ ಕೇಳಿ ಇಂಗ್ಲಿಷಿಗೆ ತಂದಾಗ ಕ್ಯಾಥ್ಲೀನ್ ಆಯಿತು. ಅದೇ ಐರಿಷ್ ಕಾಗುಣಿತವನ್ನು ಕಣ್ಣಿನಿಂದ ನೋಡಿ ಇಂಗ್ಲಿಷ್ ರೀತಿಯಲ್ಲಿ ಓದಿದಾಗ ‘ಕೇಟ್ಲಿನ್’ ಹುಟ್ಟಿತು. ಕ್ಯಾಥ್ಲೀನ್‌ಗೆ ನೆಲೆನಿಂತ ಕಾಗುಣಿತವಿದೆ. ಕೇಟ್ಲಿನ್‌ಗೆ ಇಲ್ಲ: ‘ಸಿ’ಯೋ ‘ಕೆ’ಯೋ, ‘ಎಐ’ಯೋ ‘ಎಟಿಇ’ಯೋ, ಕೊನೆಗೆ ‘ಐ’ಯೋ ‘ವೈ’ಯೋ ಎಂದು ಅಮೆರಿಕದಲ್ಲಿ ಹತ್ತಾರು ಬಗೆ ಚಾಲ್ತಿಯಲ್ಲಿವೆ. ಎಲ್ಲೆಡೆ ದಾಖಲೆ ಒಂದೇ ಥರ ಇರಬೇಕು ಎನ್ನುವವರು ಇದನ್ನು ಬಿಡುವುದು ಒಳ್ಳೆಯದು.

ಕತರೀನಾ ಗುಂಪು, ಮತ್ತು ಅದನ್ನು ನಾವು ಮೇಲಿಡುವ ಕಾರಣ

ಕನ್ನಡ ಮಾತಾಡುವ ಅಜ್ಜ ಅಜ್ಜಿಯೂ ಯುರೋಪಿನ ನೆರೆಹೊರೆಯೂ ಇರುವ ಮಗುವಿಗೆ ‘ಆ’ಕಾರದಲ್ಲಿ ಮುಗಿಯುವ ರೂಪ ಹೆಚ್ಚು ಹಿತ. ಇಂಗ್ಲಿಷಿನ ನಾಲಿಗೆ-ಹಲ್ಲಿನ ನಡುವಿನ ಧ್ವನಿ ಕನ್ನಡದಲ್ಲಿಲ್ಲ. ನಾವು ಅದಕ್ಕೆ ‘ಥ’ ಹಾಕುತ್ತೇವೆ, ಹಿರಿಯರ ಬಾಯಲ್ಲಿ ಅದು ‘ತ’ ಆಗುತ್ತದೆ. ಕತರೀನಾ ಎಂದರೆ ಈ ತೊಡಕೇ ಇಲ್ಲ, ಯುರೋಪಿನ ಬಹುತೇಕ ಭಾಷೆಗಳೂ ಇಲ್ಲಿ ‘ತ’ವನ್ನೇ ನುಡಿಯುತ್ತವೆ.

ಕಾಗುಣಿತ ಮಾತ್ರ ನಾಡಿಗೆ ತಕ್ಕಂತೆ ಇರಲಿ. ಪೋರ್ಚುಗೀಸಿನಲ್ಲಿ ‘ಸಿ’ಯಿಂದ ಶುರು, ನಡುವೆ ‘ಎ’. ಇಟಲಿಯಲ್ಲಿ ‘ಸಿ’, ನಡುವೆ ‘ಇ’, ಉಚ್ಚಾರ ಕತೆರೀನಾ. ಸ್ವೀಡನ್, ಸರ್ಬಿಯ, ಕ್ರೊಯೇಷಿಯ, ಸ್ಲೊವೇನಿಯಗಳಲ್ಲಿ ‘ಕೆ’, ‘ಎಚ್’ ಇಲ್ಲ. ಜರ್ಮನಿಯಲ್ಲಿ ‘ಕೆ’, ‘ಎಚ್’ ಸಹಿತ. ಜರ್ಮನಿಯಲ್ಲಿರುವವರು ‘ಎಚ್’ ಬಿಟ್ಟು ಬರೆದರೆ ಉಚ್ಚಾರ ಬದಲಾಗದು, ಆದರೆ ಕಚೇರಿ ಕಚೇರಿಯಲ್ಲೂ ‘ಎಚ್ ಇಲ್ಲ’ ಎಂದು ಹೇಳಬೇಕಾಗುತ್ತದೆ. ಪೋಲೆಂಡ್ ಮತ್ತು ಚೆಕ್ ರೂಪಗಳನ್ನು ಆ ನಾಡಿನ ನಂಟಿಲ್ಲದೆ ಆರಿಸಬೇಡಿ. ಪೋಲಿಷ್ ಕಾಗುಣಿತದ ‘ಆರ್-ಜೆಡ್’ ಜೋಡಿ ಮತ್ತು ಚೆಕ್ಕರ ಗುರುತಿರುವ ‘ಆರ್’ ಎರಡನ್ನೂ ಹೊರಗಿನವರು ತಪ್ಪಾಗಿಯೇ ಓದುತ್ತಾರೆ. ಪೋಲಿಷರ ಮುದ್ದಿನ ರೂಪ ಕಾಶಾ ಮಾತ್ರ ಯಾರ ಬಾಯಿಗೂ ಸುಲಭ.

ಕಟ್ರೀನಾ ಇದೇ ಗುಂಪಿನ ಮೊಟಕು ರೂಪ. ಭಾರತದಲ್ಲಿ ಇದು ಸಿನಿಮಾ ತಾರೆಯಿಂದ ಮನೆಮಾತು, ಅಮೆರಿಕದಲ್ಲಿ 2005ರ ಚಂಡಮಾರುತದಿಂದ. ಆ ಹೆಸರನ್ನು ಚಂಡಮಾರುತಗಳ ಪಟ್ಟಿಯಿಂದ ಕಾಯಂ ಆಗಿ ತೆಗೆದರು. ಬದಲಿಗೆ ಸೇರಿಸಿದ ಕಾತಿಯಾ ಕೂಡ ಈ ಹೆಸರಿನದೇ ಇನ್ನೊಂದು ರೂಪ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲೆಸುವವರು ಕಟ್ರೀನಾ ಬದಲು ಪೂರ್ಣ ಕತರೀನಾ ಇಡುವುದು ಮೇಲು.

ಗ್ರೀಕ್ ಮತ್ತು ರಷ್ಯನ್ ಮನೆಗಳಲ್ಲಿ

ಗ್ರೀಸಿನಲ್ಲಿ ಕಾಗದದ ಹೆಸರು ಬೇರೆ, ಕರೆಯುವ ಹೆಸರು ಬೇರೆ ಇರುವುದು ಮಾಮೂಲು. ಗುರುತಿನ ಚೀಟಿಯಲ್ಲಿ ಎಕತೆರೀನಿ (ಈಗಿನ ಉಚ್ಚಾರ, ಲ್ಯಾಟಿನ್ ಲಿಪಿಗೆ ಇಳಿಸುವಾಗ ಮೊದಲಲ್ಲಿ ‘ಎಐ’ ಬರುತ್ತದೆ), ಬೀದಿಯಲ್ಲಿ ಕತೆರೀನಾ. ಭಾರತದ ದಾಖಲೆಯೂ ಬೇಕಾಗುವ ಮಗುವಿಗೆ ಎರಡು ಕಡೆಯೂ ಕತೆರೀನಾ ಎಂದೇ ನೋಂದಾಯಿಸುವುದು ಸುರಕ್ಷಿತ. ಒಂದು ಕಡೆ ‘ಎಐ’ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಇಬ್ಬರೂ ಒಬ್ಬಳೇ ಎಂದು ಸಾಬೀತು ಮಾಡುವ ಅಫಿಡವಿಟ್ ಹಿಡಿದು ಓಡಾಡಬೇಕು.

ರಷ್ಯನ್ನರಲ್ಲಿ ಪೂರ್ಣರೂಪ ಯೆಕತೆರೀನಾ. ಅದರೊಂದಿಗೆ ತಂದೆಯ ಹೆಸರಿನಿಂದಾದ ಪದವನ್ನೂ ಸೇರಿಸಿ ಕರೆಯುವುದು ಗೌರವ. ಕಾತ್ಯಾ ಆಪ್ತರಿಗೆ ಮೀಸಲು. ‘ಮಹಾನ್’ ಎನಿಸಿಕೊಂಡ ಸಾಮ್ರಾಜ್ಞಿ ಹುಟ್ಟಿದ್ದು 1729ರಲ್ಲಿ, ಜರ್ಮನ್ ರಾಜಮನೆತನದಲ್ಲಿ, ಸೋಫಿ ಎಂಬ ಹೆಸರಿನಲ್ಲಿ. 1744ರಲ್ಲಿ ಆರ್ಥೊಡಾಕ್ಸ್ ಮತಕ್ಕೆ ಸೇರಿದಾಗ ಯೆಕತೆರೀನಾ ಅಲೆಕ್ಸೆಯೆವ್ನಾ ಆದಳು. ಬಿಟ್ಟದ್ದೂ ಗ್ರೀಕ್ ಹೆಸರು, ಪಡೆದದ್ದೂ ಗ್ರೀಕ್ ಹೆಸರು. ಯೆಕತೆರೀನ್‌ಬುರ್ಗ್ ನಗರಕ್ಕೆ ಮಾತ್ರ ಹೆಸರು ಬಂದದ್ದು ಇವಳಿಂದಲ್ಲ; 1723ರಲ್ಲಿ ಅದನ್ನು ಕಟ್ಟಿದಾಗ ಇವಳಿನ್ನೂ ಹುಟ್ಟಿರಲಿಲ್ಲ, ಅದು ಮೊದಲನೆಯ ಯೆಕತೆರೀನಾಳದು.

ಪಾಸ್‌ಪೋರ್ಟ್‌ನಲ್ಲಿ ರಷ್ಯನ್ ರೂಪ ‘ಇ’ಯಿಂದ ಶುರುವಾಗುತ್ತದೆ, ‘ವೈ’ ಇರುವುದಿಲ್ಲ. ಉಕ್ರೇನಿನಲ್ಲಿ ಮೊದಲಿನ ‘ಯೆ’ಯೇ ಇಲ್ಲ, ನಡುವಿನ ಸ್ವರಕ್ಕೆ ‘ವೈ’ ಬರುತ್ತದೆ. ಬೆಲಾರೂಸಿನದು ಕತ್ಸಿಯಾರಿನಾ ಎಂದು ಓದುವಂತಿರುತ್ತದೆ. ಗಡಿ ದಾಟಿದರೆ ಅಕ್ಷರ ಬದಲಾಗುವ ಈ ನಾಡುಗಳಲ್ಲಿ ಹೆಸರು ಯಾವ ಲಿಪಿಯಲ್ಲಿ ಮೊದಲು ನೋಂದಾಯಿತವಾಯಿತೋ ಅದನ್ನೇ ಮೂಲವೆಂದು ಹಿಡಿಯಿರಿ.

ಚಿಕ್ಕ ರೂಪವನ್ನೇ ಪೂರ್ಣ ಹೆಸರಾಗಿ ಇಡಬಹುದೇ

ಕೆಲವನ್ನು ಧಾರಾಳವಾಗಿ ಇಡಬಹುದು. ಕಾತ್ಯಾ ರಷ್ಯದಲ್ಲಿ ಮುದ್ದಿನ ಹೆಸರು, ಜರ್ಮನಿ, ಫಿನ್‌ಲೆಂಡ್, ಸ್ಲೊವೇನಿಯಗಳಲ್ಲಿ ಪೂರ್ಣ ಹೆಸರು. ಅಲ್ಲಿ ‘ಜೆ’ ಹಾಕಿ ಬರೆಯುತ್ತಾರೆ. ಭಾರತದಲ್ಲಿ ಆ ‘ಜೆ’ಯನ್ನು ನೋಡಿದವರು ‘ಕತ್ಜಾ’ ಎಂದು ಓದುವುದು ಖಚಿತ, ಇಲ್ಲಿಗೆ ‘ವೈ’ ಇರುವುದೇ ಸರಿ. ಕಾತ್ಯಾಯಿನಿಗೂ ಇದಕ್ಕೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ, ಆದರೆ ಅಜ್ಜಿಯೊಬ್ಬಳು ಹಾಗೆಂದುಕೊಂಡು ಸಂತೋಷದಿಂದ ಕರೆದರೆ ಮಗುವಿಗೆ ಎರಡೂ ಕಡೆಯ ಬಳುವಳಿ ಸಿಕ್ಕಂತೆ.

ಕಾರಿನ್ ಸ್ವೀಡನ್ನಿನದು, ಕಾರೆನ್ ಡೆನ್ಮಾರ್ಕಿನದು. ಎರಡನೆಯದು ಅಮೆರಿಕದಲ್ಲಿ ಇತ್ತೀಚೆಗೆ ದರ್ಪದಿಂದ ಜಗಳಕ್ಕೆ ನಿಲ್ಲುವ ಹೆಂಗಸಿಗೆ ಬೈಗುಳದಂತೆ ಬಳಕೆಯಾಗುತ್ತಿದೆ. ಆ ದೇಶದಲ್ಲಿ ಶಾಲೆಗೆ ಹೋಗುವ ಮಗುವಿಗೆ ಅದನ್ನು ಇಡಬೇಡಿ. ಕಾರಿನ್‌ಗೆ ಆ ಅಪಾಯ ಕಡಿಮೆ.

ಇನ್ನು ನಮ್ಮ ಕಿವಿಗೆ ಬೇರೆ ಅರ್ಥ ಕೊಡುವ ರೂಪಗಳು. ಎಸ್ಟೋನಿಯದಲ್ಲಿ ಈ ಹೆಸರಿಗೆ ಕದ್ರಿ ಎನ್ನುತ್ತಾರೆ, ಮಂಗಳೂರಿನವರಿಗೆ ಅದು ಮಂಜುನಾಥನ ಊರು. ಫಿನ್ನಿಷ್ ಕೈಸಾ ಹಿಂದಿಯಲ್ಲಿ ‘ಹೇಗೆ’ ಎಂಬ ಪ್ರಶ್ನೆ. ಕಾತಿ ಎಂಬುದರ ಇಂಗ್ಲಿಷ್ ಕಾಗುಣಿತವನ್ನು ‘ಕಟಿ’ ಎಂದು ಓದಿದರೆ ಸೊಂಟ. ಕತರೀನಾಳನ್ನು ಶಾಲೆಯ ಮಕ್ಕಳು ಕತ್ತರಿ ಎಂದು ಕರೆಯುವ ಸಂಭವವಂತೂ ಇದ್ದೇ ಇದೆ. ಕತೆರೀನಾ ಎಂದು ‘ತೆ’ ಹಿಡಿದರೆ ಆ ಕಾಟ ಸ್ವಲ್ಪ ತಗ್ಗುತ್ತದೆ.

ಕನ್ನಡದಲ್ಲಿ ಬರೆಯುವಾಗ, ದಾಖಲೆ ಮಾಡಿಸುವಾಗ

ಹಲಂತದಲ್ಲಿ ಮುಗಿಯುವ ಹೆಸರಿಗೆ ವಿಭಕ್ತಿ ಸೇರಿಸುವಾಗ ಕಂಪ್ಯೂಟರಿನಲ್ಲಿ ಒಂದು ಎಡವಟ್ಟು ಆಗುತ್ತದೆ. ಕ್ಯಾಥರೀನ್ ಆದ ಮೇಲೆ ನೇರವಾಗಿ ‘ಗೆ’ ಒತ್ತಿದರೆ ‘ನ್’ ಕೆಳಗೆ ಗಕಾರದ ಒತ್ತು ಕೂತು ಹೆಸರೇ ಕೆಡುತ್ತದೆ. ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಹಾಕಬೇಕು. ಕೀಲಿಮಣೆಯಲ್ಲಿ ಅದು ಸಿಗದಿದ್ದರೆ ‘ಕ್ಯಾಥರೀನಿಗೆ’, ‘ಕ್ಯಾಥರೀನಳ’ ಎಂದು ಸ್ವರ ಸೇರಿಸಿ ಬರೆಯುವುದು ಹಳೆಯ, ಒಳ್ಳೆಯ ದಾರಿ. ಕತರೀನಾ, ಎಕತೆರೀನಿಗಳಿಗೆ ಈ ತೊಂದರೆಯೇ ಬರುವುದಿಲ್ಲ. ಅನುವಾದಕರು ಮೂಲ ವ್ಯಕ್ತಿಯ ಭಾಷೆಯ ಉಚ್ಚಾರವನ್ನೇ ಬರೆಯಲಿ: ಫ್ರೆಂಚ್ ಹೆಂಗಸು ಕಾತ್ರೀನ್, ಇಂಗ್ಲಿಷ್ ಹೆಂಗಸು ಕ್ಯಾಥರೀನ್. ಇಂಗ್ಲಿಷ್ ಪುಸ್ತಕದ ಮೂಲಕ ಬಂದಳೆಂದು ಎಲ್ಲರನ್ನೂ ಕ್ಯಾಥರೀನ್ ಮಾಡಬಾರದು.

ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರು ಟೈಪಿಸಿದಾಗ ಕನ್ನಡ ರೂಪ ತಾನಾಗಿ ಮೂಡುತ್ತದೆ. ‘ಕಥೆರಿನೆ’ಯಂಥದ್ದೇನಾದರೂ ಬಂದಿದ್ದರೆ ಸಹಿ ಹಾಕುವ ಮೊದಲೇ ತಿದ್ದಿಸಿ. ಸ್ವರದ ಮೇಲೆ ಚುಕ್ಕೆ, ವ್ಯಂಜನದ ಮೇಲೆ ಗುರುತು ಇರುವ ಯುರೋಪಿನ ಅಕ್ಷರಗಳು ಪಾಸ್‌ಪೋರ್ಟ್‌ನ ಯಂತ್ರ ಓದುವ ಸಾಲಿನಲ್ಲಿ ಉಳಿಯುವುದಿಲ್ಲ, ಅಲ್ಲಿ ಬರೀ ಇಪ್ಪತ್ತಾರು ಲ್ಯಾಟಿನ್ ಅಕ್ಷರಗಳು. ಜರ್ಮನಿಯ ಕೇಟೆಯ ಚುಕ್ಕೆಯಿರುವ ‘ಎ’ ಆ ಸಾಲಿನಲ್ಲಿ ‘ಎಇ’ ಆಗುತ್ತದೆ. ವಿಮಾನದ ಟಿಕೆಟ್ ಮಾಡಿಸುವಾಗ ಹೆಸರನ್ನು ಆ ಸಾಲಿನಿಂದಲೇ ನೋಡಿ ಬರೆಯಿರಿ.

ಇನ್ನೂ ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಆತುರ ಬೇಡ. ಭಾರತದಲ್ಲಿ ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿನ ಜಾಗ ಖಾಲಿ ಬಿಡಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಲು ಅವಕಾಶವಿದೆ. ಬರೆಸಿದ ಹೆಸರನ್ನು ಬದಲಿಸುವುದು ಖಾಲಿ ಜಾಗ ತುಂಬಿಸುವುದಕ್ಕಿಂತ ಎಷ್ಟೋ ಕಷ್ಟ. ಆ ತಿಂಗಳುಗಳಲ್ಲಿ ಎರಡು ಮೂರು ರೂಪಗಳನ್ನು ಮನೆಯವರೆಲ್ಲರ ಬಾಯಲ್ಲಿ ಆಡಿಸಿ ನೋಡಿ, ಕುಲನಾಮದ ಜೊತೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ನೋಡಿ, ಪರಿಚಯವಿಲ್ಲದ ಯಾರಿಗಾದರೂ ಫೋನಿನಲ್ಲಿ ಹೇಳಿ ಅವರು ಏನು ಬರೆದುಕೊಂಡರೆಂದು ಕೇಳಿ. ತಿದ್ದದೆ ಸರಿ ಬಂದ ರೂಪವನ್ನು ನೋಂದಣಿಗೆ ಕೊಡಿ.